ಹೋರಿಯ ಒಡಹುಟ್ಟು

ಆಡು ಎರಡು ಮರಿ ಹಾಕುವುದು ನಮ್ಮ ನಾಡಿನಲ್ಲಿ ಸುದ್ದಿಯಲ್ಲ. ಒಂದು ಹೋತಮರಿಯೂ ಒಂದು ಹೆಣ್ಣುಮರಿಯೂ ಒಂದೇ ಬಸಿರಿನಿಂದ ಬಂದು, ಆ ಹೆಣ್ಣುಮರಿ ಮುಂದೆ ತಾನೂ ಎರಡು ಮರಿಗಳ ತಾಯಾಗುವುದನ್ನು ಹಳ್ಳಿಯ ಹುಡುಗರೂ ಬಲ್ಲರು. ಆಕಳು ಅವಳಿ ಈಯುವುದು ಮಾತ್ರ ಅಪರೂಪ. ಹಾಗೆ ಈದಾಗ ಒಂದು ಹೋರಿಗರುವೂ ಒಂದು ಹೆಣ್ಣುಕರುವೂ ಜೊತೆಯಾಗಿ ಹುಟ್ಟಿದರೆ, ಆ ಹೆಣ್ಣುಕರು ಬಹುಮಟ್ಟಿಗೆ ಎಂದಿಗೂ ಗಬ್ಬವಾಗುವುದಿಲ್ಲ. ಅಂಥ ಹತ್ತು ಕರುಗಳಲ್ಲಿ ಒಂಬತ್ತು ಹುಟ್ಟುಗೊಡ್ಡು. ಆಡಿಗೆ ಬಾಧಿಸದ ಈ ದೋಷ ಆಕಳನ್ನೇ ಏಕೆ ಹುಡುಕಿಕೊಂಡು ಬರುತ್ತದೆ? ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ. ಹಾಲು ಕಾಯಿಸುವಾಗಲ್ಲದೆ ಹಸುವಿನ ನೆನಪು ಬಾರದ ಪಟ್ಟಣವಾಸಿಗಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ, ಈ ಗೊಡ್ಡುಕರುವಿನ ಹಿಂದೆ ಹೋದವರು ಎಲ್ಲಿಗೆ ಹೋಗಿ ಮುಟ್ಟಿದರೆಂಬುದು ಅವರಿಗೂ ರುಚಿಸೀತು.

ಮೊದಲು ಹಳ್ಳಿಗೆ ಹೋಗೋಣ. ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಡದ ಊರು. ಒಂದು ಕಡೆ ಎರೆಯ ಹೊಲ, ಜೋಳ. ನೀರು ಹರಿದ ಕಡೆ ಕಬ್ಬು. ಈ ಸೀಮೆಯಲ್ಲಿ ದನವೆಂದರೆ ಮೊದಲು ಎತ್ತು, ಆಮೇಲೆ ಹಾಲು. ಜಮಖಂಡಿ ಮುಧೋಳಗಳ ಕಡೆಯ ಖಿಲಾರಿ ಎತ್ತಿನ ನಡಿಗೆಯನ್ನು ನೋಡಿದವರು ಮರೆಯುವುದಿಲ್ಲ. ಕೃಷ್ಣಾ ಕಣಿವೆಯ ತಳಿಯೆಂದು ಹೆಸರಾದ ಭಾರಿ ಮೈಯ ದನವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದ ಸಂಸ್ಥಾನಿಕರು ಬೆಳೆಸಿದುದೂ ಅಂಟುವ ಎರೆಮಣ್ಣಿನಲ್ಲಿ ರಂಟೆ ಎಳೆಯಲೆಂದೇ. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ನಡೆಯುವ ಸಿಂಗಾರವನ್ನು ಕಂಡರೆ ಆ ಮನೆಯ ಮರ್ಯಾದೆ ಎಲ್ಲಿ ನಿಂತಿದೆಯೆಂಬುದು ತಿಳಿಯುತ್ತದೆ. ಈಗೀಗ ಟ್ರ್ಯಾಕ್ಟರು ಎತ್ತಿನ ಕೆಲಸವನ್ನು ಕಸಿದುಕೊಂಡಿದೆ. ಕೊಟ್ಟಿಗೆಯಲ್ಲಿ ಹಾಲಿನ ಲೆಕ್ಕ ಮುಂದೆ ಬಂದಿದೆ. ಜರ್ಸಿ, ಹೋಲ್‌ಸ್ಟೀನ್ ರಕ್ತ ಬೆರೆತ ಮಿಶ್ರತಳಿಯ ಆಕಳುಗಳು ಬಂದಿವೆ. ಇದು ನಮ್ಮ ವಿಷಯಕ್ಕೆ ಸಂಬಂಧಪಟ್ಟ ಮಾತೇ ಆಗಿದೆ. ನಾಟಿ ಆಕಳು ನೂರು ಸೂಲಿಗೆ ಒಂದು ಸಲ ಅವಳಿ ಹಾಕುವುದೂ ಕಷ್ಟ. ಹೆಚ್ಚು ಹಾಲು ಕರೆಯುವ ಹೋಲ್‌ಸ್ಟೀನ್ ಹಸುಗಳಲ್ಲಾದರೋ ನೂರಕ್ಕೆ ನಾಲ್ಕೈದು ಸೂಲು ಅವಳಿಯಾಗುವುದುಂಟು. ಹುಟ್ಟಿದ ಅವಳಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಒಂದು ಗಂಡು ಒಂದು ಹೆಣ್ಣಿನ ಜೋಡಿ. ಎಂದಮೇಲೆ, ಅಜ್ಜಂದಿರು ಜೀವಮಾನದಲ್ಲಿ ಒಮ್ಮೆ ಕಂಡ ಸಂಗತಿಯನ್ನು ಮೊಮ್ಮಕ್ಕಳು ಮತ್ತೆ ಮತ್ತೆ ಕಾಣುವ ಸಂಭವವಿದೆ.

ಅಂಥ ಊರಿನ ಒಬ್ಬ ರೈತನ ಮನೆಯಲ್ಲಿ ಮಿಶ್ರತಳಿಯ ಆಕಳೊಂದು ಈ ಬಗೆಯ ಅವಳಿಯನ್ನು ಈಯಿತೆಂದು ಭಾವಿಸಿಕೊಳ್ಳೋಣ. ಮನೆಯವರ ಹಿಗ್ಗನ್ನು ಹೇಳಬೇಕೆ? ಹೆಣ್ಣುಕರು ಮುಂದಿನ ಹಾಲು. ಹೋರಿಗರು ಮುಂದಿನ ಎತ್ತು. ನೆರೆಯವರು ಬಂದು ನೋಡುತ್ತಾರೆ, ಕುಂಕುಮ ಹಚ್ಚುತ್ತಾರೆ. ಕರು ಬೆಳೆದು ಮಣಕವಾಗುತ್ತದೆ. ಮೈಕಟ್ಟು ಚೆನ್ನಾಗಿದೆ, ಒಂದು ಕೈ ಮಿಗಿಲೆಂದೇ ಹೇಳಬೇಕು. ಜೋಳದ ಕಣಿಕೆ, ಕಬ್ಬಿನ ಸೋಗೆ, ಹತ್ತಿಕಾಳು, ಶೇಂಗಾ ಹಿಂಡಿ—ಯಾವುದಕ್ಕೂ ಕೊರತೆಯಿಲ್ಲ. ಎರಡು ವರ್ಷವಾಯಿತು, ಬೆದೆಗೆ ಬರಲಿಲ್ಲ. ಎರಡೂವರೆಯಾಯಿತು, ಮೂರಾಯಿತು. ಔಷಧ, ಚುಚ್ಚುಮದ್ದು, ಹರಕೆ ಎಲ್ಲವೂ ನಡೆದವು. ಮೇವಿನ ದೋಷವೆಂದು ಒಬ್ಬರು, ಕಾಲುಗುಣವೆಂದು ಒಬ್ಬರು, ದೃಷ್ಟಿಯಾಯಿತೆಂದು ಮತ್ತೊಬ್ಬರು. ‘ಅದು ಗೊಡ್ಡ ಐತಿ, ಮಾರಿಬಿಡೋ ತಮ್ಮಾ’ ಎಂದು ಹಿರಿಯರೊಬ್ಬರು ಹೇಳುವ ಹೊತ್ತಿಗೆ ಸಣ್ಣ ಹಿಡುವಳಿಯ ಮನೆಯೊಂದು ಮೂರು ವರ್ಷದ ಮೇವನ್ನೂ ಮೂರು ವರ್ಷದ ಆಸೆಯನ್ನೂ ಆ ಒಂದು ಪ್ರಾಣಿಗೆ ಹಾಕಿ ಮುಗಿಸಿರುತ್ತದೆ. ಇದರಲ್ಲಿ ನಮಗೆ ಸಂಕಟವಾಗಿ ತೋರುವುದು ನಷ್ಟವೊಂದೇ ಅಲ್ಲ. ಆ ಮಣಕದ ಭವಿಷ್ಯವು ಅದು ಹುಟ್ಟಿದ ದಿನವೇ, ಹಾಗೆ ನೋಡಿದರೆ ಅದಕ್ಕೂ ಏಳೆಂಟು ತಿಂಗಳ ಹಿಂದೆಯೇ, ತೀರ್ಮಾನವಾಗಿತ್ತು. ಹುಟ್ಟಿದ ತಿಂಗಳೊಳಗೆ ಅದನ್ನು ತಿಳಿದುಕೊಳ್ಳುವ ಉಪಾಯವೂ ಇತ್ತು.

ಗೊಡ್ಡು ಎಂಬ ಶಬ್ದ ನಮ್ಮಲ್ಲಿ ಬಹಳ ಕೆಲಸ ಮಾಡುತ್ತದೆ. ಈಯದ ಆಕಳು ಗೊಡ್ಡು, ಹಣ್ಣು ಬಿಡದ ಮರ ಗೊಡ್ಡು, ಅರ್ಥವಿಲ್ಲದ ಹರಟೆ ಗೊಡ್ಡುಹರಟೆ. ಬೇಳೆಯಿಲ್ಲದ ಸಾರಿಗೂ ಗೊಡ್ಡುಸಾರೆಂದೇ ಹೆಸರು. ಆದರೆ ಹೋರಿಯ ಒಡಹುಟ್ಟಾದ ಗೊಡ್ಡಿಗೆ ಬೇರೆ ಹೆಸರು ಬೇಕೆಂದು ಕೆಲವು ದೇಶಗಳ ದನಗಾರರಿಗೆ ತೋರಿತು. ಇಂಗ್ಲಿಷಿನಲ್ಲಿ ಅದನ್ನು ‘ಫ್ರೀಮಾರ್ಟಿನ್’ ಎನ್ನುತ್ತಾರೆ. ಈ ಮಾತಿನ ಹುಟ್ಟನ್ನು ಕುರಿತು ಪಂಡಿತರಲ್ಲಿ ಒಮ್ಮತವಿಲ್ಲ. ಆ ಜಗಳ ನಮಗೆ ಬೇಡ. ಅದಕ್ಕೂ ಬಹು ಹಿಂದೆ, ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ, ಕೃಷಿಯನ್ನು ಕುರಿತು ಬರೆದ ರೋಮಿನ ವಾರೋ ಎಂಬ ವಿದ್ವಾಂಸನು ಬಂಜೆಯಾದ ಹಸುವನ್ನು ‘ತೌರ’ ಎನ್ನುತ್ತಾರೆಂದು ಹೇಳಿದ್ದಾನೆ. ಲ್ಯಾಟಿನಿನಲ್ಲಿ ‘ತೌರಸ್’ ಎಂದರೆ ಹೋರಿ. ಗೊಡ್ಡು ಹಸುವನ್ನು ಹೆಣ್ಣುಹೋರಿ ಎಂದಂತಾಯಿತು. ಹೊಟ್ಟೆಯನ್ನು ಸೀಳಿ ನೋಡದೆಯೇ, ಅಂಥ ಪ್ರಾಣಿಯಲ್ಲಿ ಗಂಡಿನ ಸುಳಿವೇನೋ ಇದೆಯೆಂದು ಹಳಬರು ಊಹಿಸಿದ್ದರೋ ಏನೋ.

ಸೀಳಿ ನೋಡಿದವನು ಜಾನ್ ಹಂಟರ್. ಲಂಡನ್ನಿನ ಈ ಪ್ರಸಿದ್ಧ ಶಸ್ತ್ರವೈದ್ಯನು ಮೂರು ಫ್ರೀಮಾರ್ಟಿನ್‌ಗಳನ್ನು ಛೇದಿಸಿ ಪರೀಕ್ಷಿಸಿ, ೧೭೭೯ರಲ್ಲಿ ರಾಯಲ್ ಸೊಸೈಟಿಯ ಮುಂದೆ ತನ್ನ ವರದಿಯನ್ನು ಇಟ್ಟನು. ಹೊರಗಿನಿಂದ ನೋಡಿದರೆ ಹೆಣ್ಣು. ಒಳಗಾದರೋ ಗರ್ಭಕೋಶವಿರಬೇಕಾದ ಕಡೆ ಅದರ ಕುರುಹು ಮಾತ್ರ. ಅಂಡಾಶಯಗಳಿರಬೇಕಾದ ಕಡೆ ಗಂಡಿನ ವೃಷಣವನ್ನು ಹೋಲುವ, ಪೂರ್ತಿ ಅದೂ ಅಲ್ಲದ ಗಂಟುಗಳು. ಹಾಲು ಕೊಡದ ಈ ದನಗಳನ್ನು ಎತ್ತುಗಳ ಜೊತೆಯಲ್ಲಿ ನೊಗಕ್ಕೆ ಹೂಡುವರೆಂದೂ ಅಲ್ಲಿಯ ರೈತರ ವಾಡಿಕೆಯನ್ನು ಅವನು ಗುರುತುಹಾಕಿಕೊಂಡನು. ಏನಿದೆಯೆಂಬುದನ್ನು ಹಂಟರ್ ಹೇಳಿದನು. ಏಕೆ ಹಾಗೆಂಬುದಕ್ಕೆ ಮುಂದೆ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮರ್ಪಕವಾದ ಉತ್ತರ ಸಿಕ್ಕಲಿಲ್ಲ.

ಉತ್ತರವಿದ್ದುದು ಕರುವಿನಲ್ಲಲ್ಲ, ರೈತನು ಈದ ಮರುಕ್ಷಣವೇ ಹೂಳಿಬಿಡುವ ಮಾಸಿನಲ್ಲಿ. ೧೯೧೧ರಲ್ಲಿ ವಿಯೆನ್ನಾದ ಟಾಂಡ್ಲರ್ ಮತ್ತು ಕೆಲ್ಲರ್ ಎಂಬವರೂ, ಅವರಿಂದ ಪ್ರತ್ಯೇಕವಾಗಿ ೧೯೧೬–೧೭ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಫ್ರಾಂಕ್ ಲಿಲ್ಲಿಯೂ, ಕಸಾಯಿಖಾನೆಗಳಲ್ಲಿ ದೊರೆತ ಗಬ್ಬದ ಹಸುಗಳ ಗರ್ಭಕೋಶಗಳನ್ನು ಬಿಡಿಸಿ ನೋಡಿದರು. ಆಕಳಿನ ಗರ್ಭದಲ್ಲಿ ಎರಡು ಪಿಂಡಗಳಿದ್ದರೆ ಅವುಗಳ ಹೊರಪೊರೆಗಳು ಬೇಗನೆ ಬೆಳೆದು ಒಂದನ್ನೊಂದು ಮುಟ್ಟಿ ಕೂಡಿಕೊಳ್ಳುತ್ತವೆ. ಗಬ್ಬವಾದ ಎರಡನೆಯ ತಿಂಗಳು ಕಾಲಿಡುವ ಹೊತ್ತಿಗೆ ಪೊರೆಗಳಷ್ಟೇ ಅಲ್ಲ, ಅವುಗಳ ಮೇಲಿನ ರಕ್ತನಾಳಗಳೂ ಒಂದಕ್ಕೊಂದು ಬೆಸೆದುಕೊಳ್ಳುವುದುಂಟು. ಆಗಿನಿಂದ ಎರಡು ಕರುಗಳಿಗೆ ಒಂದೇ ರಕ್ತಪ್ರವಾಹ. ಎರಡು ಹೊಲಗಳ ಕಾಲುವೆಗಳ ನಡುವಿನ ಒಡ್ಡು ಒಡೆದು ಇವನ ನೀರು ಅವನಿಗೂ ಅವನ ನೀರು ಇವನಿಗೂ ಹರಿದಂತೆ. ಎರಡೂ ಹೆಣ್ಣಾದರೆ, ಎರಡೂ ಗಂಡಾದರೆ, ಕೇಡಿಲ್ಲ. ಒಂದು ಗಂಡು ಒಂದು ಹೆಣ್ಣಾದಾಗ, ಮತ್ತು ರಕ್ತ ಬೆರೆತಾಗ ಮಾತ್ರ, ಹೆಣ್ಣು ಕೆಡುತ್ತದೆ.

ಗಂಡೇಕೆ ಕೆಡುವುದಿಲ್ಲ? ಲಿಲ್ಲಿಯ ಉತ್ತರ ಸರಳವಾಗಿತ್ತು. ಪಿಂಡದಲ್ಲಿ ವೃಷಣವು ಅಂಡಾಶಯಕ್ಕಿಂತ ಮೊದಲೇ ರೂಪುಗೊಂಡು ಮೊದಲೇ ಕೆಲಸಕ್ಕೆ ತೊಡಗುತ್ತದೆ. ಅದರ ಸ್ರಾವ ರಕ್ತದಲ್ಲಿ ಹರಿದು, ಇನ್ನೂ ಸಿದ್ಧವಾಗದ ತಂಗಿಯ ಅಂಗಗಳನ್ನು ತಡೆದುಬಿಡುತ್ತದೆ. ಹಾರ್ಮೋನು ಎಂಬ ಶಬ್ದವೇ ಹೊಸದಾಗಿದ್ದ ಕಾಲದಲ್ಲಿ ಇದು ಧೈರ್ಯದ ಮಾತು. ಸ್ರಾವ ಒಂದಲ್ಲ, ಕನಿಷ್ಠ ಎರಡು, ಎಂಬುದು ಆಮೇಲೆ ತಿಳಿಯಿತು. ೧೯೪೭ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಎಂಬಾತನು ಇನ್ನೂ ತಾಯ ಗರ್ಭದಲ್ಲಿದ್ದ ಮೊಲದ ಗಂಡುಪಿಂಡಗಳ ವೃಷಣಗಳನ್ನು ತೆಗೆದು, ಅವು ಹೆಣ್ಣಿನ ಅಂಗಗಳನ್ನು ತಳೆಯುವುದನ್ನು ತೋರಿಸಿದನು. ವೃಷಣದಿಂದ ಹೊರಡುವ ಒಂದು ಸ್ರಾವ ಗಂಡಿನ ಅಂಗಗಳನ್ನು ಬೆಳೆಸುತ್ತದೆ. ಬೇರೊಂದು, ಗರ್ಭಕೋಶವಾಗಬೇಕಾದ ನಾಳವನ್ನು ಮೊಳಕೆಯಲ್ಲೇ ಒಣಗಿಸುತ್ತದೆ. ಹೋರಿಗರುವಿನಲ್ಲಿ ಈ ಎರಡನೆಯದರ ಕೆಲಸ ನ್ಯಾಯವಾದದ್ದು. ಬೆಸೆದ ರಕ್ತನಾಳದ ಮೂಲಕ ಅದೇ ಸ್ರಾವ ತಂಗಿಯ ಮೈಗೂ ಹೋಗುತ್ತದೆ. ಅಲ್ಲಿಯೂ ತನಗೆ ತಿಳಿದ ಕೆಲಸವನ್ನೇ ಮಾಡುತ್ತದೆ. ಹೋರಿಗೆ ಹಗೆಯಿಲ್ಲ, ತಾಯಿಗೆ ತಪ್ಪಿಲ್ಲ, ಕರುವಿನ ಜಾತಕದಲ್ಲಿ ಪಾಪವಿಲ್ಲ. ನೀರು ದಾರಿ ಸಿಕ್ಕ ಕಡೆ ಹರಿಯಿತು, ಅಷ್ಟೆ.

ಆಡಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆಡು ಕುರಿಗಳಲ್ಲಿಯೂ ಅವಳಿಗಳ ಪೊರೆಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ರಕ್ತನಾಳಗಳು ಬೆಸೆದುಕೊಳ್ಳುವುದು ಬಹು ವಿರಳ. ಬೆಸೆದಾಗ ಅಲ್ಲಿಯೂ ಇಂಥ ಗೊಡ್ಡುಮರಿ ಹುಟ್ಟಿದ್ದುಂಟು. ಎಮ್ಮೆ ಅವಳಿ ಹಾಕುವುದು ಆಕಳಿಗಿಂತಲೂ ಅಪರೂಪ. ಹಾಕಿದರೆ ಅದರ ಹೆಣ್ಣುಕರುವಿಗೂ ಈ ಅಪಾಯ ತಪ್ಪಿದ್ದಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಟ್ಟಿಗೆಯ ನ್ಯಾಯವನ್ನು ಮನೆಯೊಳಕ್ಕೆ ತರುವ ಚಾಳಿ ಜನರಿಗೆ ಇದೆ. ಅಣ್ಣನ ಜೊತೆಯಲ್ಲಿ ಅವಳಿಯಾಗಿ ಹುಟ್ಟಿದ ಹೆಣ್ಣುಮಗಳಿಗೆ ಮಕ್ಕಳಾಗುವುದೋ ಇಲ್ಲವೋ ಎಂಬ ಪಿಸುಮಾತು ವರನ ಕಡೆಯವರ ಬಾಯಲ್ಲಿ ಹುಟ್ಟಿದರೆ, ಅದು ಶುದ್ಧ ಅನ್ಯಾಯ, ಶುದ್ಧ ಅಜ್ಞಾನ. ಮನುಷ್ಯರಲ್ಲಿ ಗಂಡು–ಹೆಣ್ಣು ಅವಳಿಗಳ ರಕ್ತ ಬೆರೆಯುವುದೇ ಅಪರೂಪ. ಬೆರೆತ ಮಾತ್ರಕ್ಕೆ ಆಕಳಿನಲ್ಲಿ ಆಗುವ ಹಾನಿ ಹೆಣ್ಣುಮಗುವಿಗೆ ಆಗುವುದಿಲ್ಲ. ಅಣ್ಣನೊಡನೆ ಹುಟ್ಟಿದ ಅಸಂಖ್ಯ ಹೆಂಗಸರು ತಾಯಂದಿರಾಗಿದ್ದಾರೆ. ಆಲ್ಡಸ್ ಹಕ್ಸ್ಲೀ ೧೯೩೨ರಲ್ಲಿ ಬರೆದ ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಕಾದಂಬರಿಯಲ್ಲಿ, ಸೀಸೆಗಳಲ್ಲಿ ಬೆಳೆಸಿದ ಬಂಜೆ ಹೆಂಗಸರಿಗೆ ಫ್ರೀಮಾರ್ಟಿನ್ ಎಂದೇ ಹೆಸರು. ಅದು ಕಾದಂಬರಿಕಾರನ ಕೊಂಕು. ಅದನ್ನು ಓದಿದವರು ಹಾಗೆಯೇ ತಿಳಿಯಬೇಕು. ಇಂಗ್ಲೆಂಡಿನಲ್ಲಿ ೧೯೫೩ರಲ್ಲಿ ರಕ್ತದಾನಕ್ಕೆ ಬಂದ ಒಬ್ಬ ಹೆಂಗಸಿನ ಮೈಯಲ್ಲಿ ಎರಡು ಗುಂಪಿನ ರಕ್ತವಿದ್ದುದು ಕಂಡುಬಂದಿತು. ವಿಚಾರಿಸಿದಾಗ ಆಕೆಗೊಬ್ಬ ಅವಳಿ ತಮ್ಮನಿದ್ದನೆಂದೂ ಕೂಸಾಗಿರುವಾಗಲೇ ತೀರಿಹೋದನೆಂದೂ ತಿಳಿಯಿತು. ತೀರಿಹೋದ ತಮ್ಮನ ರಕ್ತ ಅಕ್ಕನ ಮೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಹರಿಯುತ್ತಿತ್ತೆಂದರೆ ಕಲ್ಪನೆಗೂ ಮೀರಿದ ಮಾತು.

ಆದರೆ ಆ ಹೆಂಗಸಿನ ವಿಷಯ ವೈದ್ಯರಿಗೆ ಹೊಳೆಯುವಂತೆ ದಾರಿ ತೋರಿಸಿದುದು ಆಕಳೇ. ಕತೆ ಸ್ವಾರಸ್ಯವಾದದ್ದು. ಅಮೆರಿಕದ ಮೇರಿಲೆಂಡ್ ಪ್ರಾಂತದ ದನಗಾರನೊಬ್ಬನ ಗರ್ನ್ಸಿ ತಳಿಯ ಹಸುವಿಗೆ ಅದೇ ತಳಿಯ ಹೋರಿ ಕೂಡಿದ ದಿನವೇ ಹೆರ್‌ಫರ್ಡ್ ತಳಿಯ ಹೋರಿಯೂ ಕೂಡಿತು. ಹುಟ್ಟಿದ ಅವಳಿಗಳಲ್ಲಿ ಒಂದರ ರೂಪ ಒಂದು ತಂದೆಯದು, ಮತ್ತೊಂದರ ಮುಖ ಎರಡನೆಯ ತಂದೆಯಂತೆ ಬಿಳಿ. ಇವುಗಳ ರಕ್ತ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರೇ ಓವೆನ್ ಎಂಬವರ ಕೈಗೆ ಬಂದಿತು. ಪ್ರತಿಯೊಂದು ಕರುವಿನ ಮೈಯಲ್ಲೂ ಎರಡು ಬಗೆಯ ರಕ್ತಕಣಗಳು! ತನ್ನವೂ, ಒಡಹುಟ್ಟಿನವೂ. ರಕ್ತಕಣ ಕೆಲವು ತಿಂಗಳಲ್ಲಿ ಸಾಯತಕ್ಕದ್ದು. ಆದರೂ ವರ್ಷಗಳ ಮೇಲೆ ನೋಡಿದಾಗಲೂ ಬೆರಕೆ ಇದ್ದೇ ಇತ್ತು. ಎಂದರೆ ಕಣಗಳನ್ನು ಹುಟ್ಟಿಸುವ ಬೀಜಕೋಶಗಳೇ ಗರ್ಭದಲ್ಲಿ ಮನೆ ಬದಲಾಯಿಸಿ ಪರರ ಮೂಳೆಯ ಮಜ್ಜೆಯಲ್ಲಿ ಬೇರೂರಿದ್ದವು. ಪರಕೀಯವಾದುದನ್ನು ಹೊರದೂಡುವುದೇ ಧರ್ಮವಾದ ದೇಹ ಅವನ್ನು ತನ್ನವೆಂದೇ ಒಪ್ಪಿಕೊಂಡಿತ್ತು. ಓವೆನ್ ಇದನ್ನು ೧೯೪೫ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯದ ಬರ್ನೆಟ್ ಇದರಿಂದ ಒಂದು ತತ್ತ್ವವನ್ನೆತ್ತಿದರು. ಇಂಗ್ಲೆಂಡಿನ ಮೆಡಾವರ್ ಮತ್ತು ಅವರ ಸಂಗಡಿಗರು ಅವಳಿಕರುಗಳಲ್ಲಿ ಒಂದರ ಚರ್ಮವನ್ನು ಮತ್ತೊಂದಕ್ಕೆ ಹಚ್ಚಿ, ಅದು ಉದುರದೆ ಅಂಟಿಕೊಳ್ಳುವುದನ್ನು ಕಂಡರು. ೧೯೫೩ರಲ್ಲಿ ಇಲಿಗಳಲ್ಲಿ ಅದನ್ನೇ ಬೇಕೆಂದು ಮಾಡಿ ತೋರಿಸಿದರು. ಬರ್ನೆಟ್, ಮೆಡಾವರ್ ಇಬ್ಬರಿಗೂ ೧೯೬೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಓವೆನ್‌ಗೆ ಅದರಲ್ಲಿ ಪಾಲು ಸಿಕ್ಕಲಿಲ್ಲ. ಇಂದು ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಜೋಡಿಸುವ ವಿದ್ಯೆಯ ಹಿಂದಿನ ತಿಳಿವಳಿಕೆಯಲ್ಲಿ ಈ ಅವಳಿಕರುಗಳ ಋಣವಿದೆ.

ಇನ್ನು ಅನಗವಾಡಿಗೆ ಹಿಂದಿರುಗೋಣ. ನೊಬೆಲ್ ಬಹುಮಾನದಿಂದ ಅಲ್ಲಿಯ ಕೊಟ್ಟಿಗೆಗೆ ಬೆಳಕು ಬರಬೇಕಾದರೆ ಮಾಡತಕ್ಕದ್ದೇನು?

ಮೊದಲನೆಯದು, ಪರೀಕ್ಷೆ. ಹೋರಿಯ ಒಡಹುಟ್ಟಾದ ಹೆಣ್ಣುಕರುವಿನ ಗರ್ಭದ್ವಾರದ ಒಳದಾರಿ ಗಿಡ್ಡ. ಒಂದು ತಿಂಗಳೊಳಗಿನ ಸರಿಯಾದ ಕರುವಿನಲ್ಲಿ ಅದು ೧೨ರಿಂದ ೧೫ ಸೆಂಟಿಮೀಟರು ಉದ್ದವಿದ್ದರೆ, ಇಂಥದರಲ್ಲಿ ೫ರಿಂದ ೮. ತುದಿ ಮೊಂಡಾದ, ಶುದ್ಧಮಾಡಿ ಜಾರುವಂತೆ ಎಣ್ಣೆ ಸವರಿದ ನಳಿಗೆಯನ್ನು ಮೆಲ್ಲಗೆ ಒಳಸೇರಿಸಿ ಪಶುವೈದ್ಯರು ಕ್ಷಣಮಾತ್ರದಲ್ಲಿ ಅಳೆಯಬಲ್ಲರು. ಇದು ಮನೆಯವರು ಕಡ್ಡಿ ಹಿಡಿದು ಮಾಡುವ ಕೆಲಸವಲ್ಲ. ಒಳಗೆ ಗಾಯವಾದರೆ ಚೆನ್ನಾಗಿದ್ದ ಕರುವೂ ಕೆಟ್ಟೀತು. ಮೇಲಿನ ಅಳತೆ ದೊಡ್ಡ ಮೈಯ ಪರದೇಶದ ತಳಿಗಳದು. ನಮ್ಮ ದನದ ಕರು ಚಿಕ್ಕದು. ಆದ್ದರಿಂದ ಅದೇ ವಯಸ್ಸಿನ, ಒಂಟಿಯಾಗಿ ಹುಟ್ಟಿದ ಕರುವಿನೊಡನೆ ಹೋಲಿಸಿ ನೋಡುವುದು ವಿವೇಕವೆಂದು ನಮಗೆ ತೋರುತ್ತದೆ. ಯೋನಿಯ ಕೆಳತುದಿಯಲ್ಲಿ ಕೂದಲಿನ ಉದ್ದನೆಯ ಕುಚ್ಚು, ಸಣ್ಣ ಮೊಲೆಗಳು—ಇವೂ ಸೂಚನೆಗಳೇ. ಆದರೆ ಇವನ್ನೇ ನಂಬಿ ತೀರ್ಪು ಕೊಡಲಾಗದು. ಸಂಶಯ ಉಳಿದರೆ ರಕ್ತಪರೀಕ್ಷೆಯುಂಟು. ದನದ ಜೀವಕೋಶದಲ್ಲಿ ೬೦ ವರ್ಣತಂತುಗಳು. ಹೆಣ್ಣಿನಲ್ಲಿ ಎಕ್ಸ್ ಎಂಬುದರ ಜೋಡಿ, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ಹೆಣ್ಣುಕರುವಿನ ರಕ್ತದಲ್ಲಿ ವೈ ಕಂಡಿತೆಂದರೆ ಅಣ್ಣನ ರಕ್ತ ಬೆರೆತಿದೆಯೆಂದೇ ಅರ್ಥ. ಇದಕ್ಕೆ ಪ್ರಯೋಗಶಾಲೆ ಬೇಕು, ಖರ್ಚೂ ಬೇಕು. ಒಳ್ಳೆಯ ತಳಿಯ ಕರುವಾದರೆ ಖರ್ಚು ದಂಡವಲ್ಲ.

ಏಕೆಂದರೆ ಹತ್ತರಲ್ಲಿ ಒಂದು ಉಳಿಯುತ್ತದೆಯಷ್ಟೆ. ರಕ್ತನಾಳಗಳು ಬೆಸೆಯದೆ ಪಾರಾದ ಆ ಹೆಣ್ಣುಕರು ಇತರ ಕರುಗಳಂತೆಯೇ ಬೆಳೆದು ಈಯುತ್ತದೆ. ಅವಳಿಯೆಂದ ಮಾತ್ರಕ್ಕೆ ಅಪಶಕುನವೆಂದು ಅದನ್ನೂ ಮೂಲೆಗೆ ಕಟ್ಟಿಬಿಟ್ಟರೆ ಅದು ಬೇರೆ ಬಗೆಯ ನಷ್ಟ. ಎರಡೂ ಹೆಣ್ಣಾದ ಅವಳಿಗಳಿಗಂತೂ ಈ ದೋಷದ ಸೋಂಕೇ ಇಲ್ಲ. ಮತ್ತೊಂದು ಕಡೆ, ಒಂಟಿಯಾಗಿ ಹುಟ್ಟಿದ ಕರುವೂ ಕ್ವಚಿತ್ತಾಗಿ ಫ್ರೀಮಾರ್ಟಿನ್ ಆಗಿರುವುದುಂಟು: ರಕ್ತ ಬೆರೆತಮೇಲೆ ಗಂಡುಪಿಂಡ ಗರ್ಭದಲ್ಲೇ ಸತ್ತು ಕರಗಿಹೋಗಿ, ತಂಗಿ ಮಾತ್ರ ಹೊರಗೆ ಬಂದಿರುತ್ತದೆ. ಹೀಗೆಂದು ಬೆದೆಗೆ ಬಾರದ ಮಣಕಗಳೆಲ್ಲ ಇಂಥವೇ ಎಂದು ಎಣಿಸಲಾಗದು. ನಮ್ಮ ಒಣಸೀಮೆಯಲ್ಲಿ ಬೆದೆಗೆ ಬಾರದಿರುವುದಕ್ಕೆ ಹೆಚ್ಚಿನ ಪಾಲು ಕಾರಣ ಹೊಟ್ಟೆಗೆ ಸಾಲದಿರುವುದು, ಲವಣಗಳ ಕೊರತೆ, ಜಂತುಹುಳು. ಅವಕ್ಕೆ ಮದ್ದುಂಟು. ಹುಟ್ಟಿನಲ್ಲೇ ಗರ್ಭಕೋಶ ಬೆಳೆಯದ ಪ್ರಾಣಿಗೆ ಮಾತ್ರ ಯಾವ ಚುಚ್ಚುಮದ್ದೂ ಅದನ್ನು ತಂದುಕೊಡಲಾರದು. ಯಾವುದು ಯಾವುದೆಂದು ಮೊದಲೇ ಬೇರ್ಪಡಿಸಿಕೊಂಡರೆ ಔಷಧದ ಹಣವಾದರೂ ಉಳಿಯುತ್ತದೆ.

ಗೊಡ್ಡೆಂದು ಖಚಿತವಾದ ಮೇಲೆ ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆ. ಹಂಟರ್ ಕಾಲದ ಇಂಗ್ಲಿಷ್ ರೈತನಿಗೆ ಕಷ್ಟವಿರಲಿಲ್ಲ. ನೊಗ, ಇಲ್ಲವೆ ಕಟುಕನ ಕತ್ತಿ. ಕರ್ನಾಟಕದಲ್ಲಿ ಆಕಳನ್ನು ವಧೆಗೆ ಕೊಡುವುದಕ್ಕೆ ೧೯೬೪ರ ಶಾಸನದಿಂದಲೇ ತಡೆಯಿತ್ತು. ೨೦೨೦ರ ಶಾಸನ ನಿರ್ಬಂಧವನ್ನು ಎತ್ತುಗಳಿಗೂ ಹಬ್ಬಿಸಿ ಬಿಗಿಮಾಡಿತು. ಆಕಳಿಗೆ ನೊಗ ಹೂಡುವುದು ಸಲ್ಲದೆಂಬ ಭಾವನೆಯೂ ರೈತರಲ್ಲಿ ಅನೇಕರಿಗಿದೆ. ಹೀಗಿರಲಾಗಿ ಆ ಪ್ರಾಣಿ ಬದುಕಿರುವವರೆಗೆ ಸಗಣಿ, ಗೊಬ್ಬರಗಳನ್ನು ಕೊಟ್ಟುಕೊಂಡು ಕೊಟ್ಟಿಗೆಯಲ್ಲೇ ಇರಬೇಕು. ಇಲ್ಲವೆ ಸಂತೆಗೆ ಹೋಗಬೇಕು. ಹೂಡುವುದೇ ಸರಿಯೆಂದು ನಾವು ಹೇಳಿದರೆ ಕೆಲವರಿಗೆ ನೋವಾದೀತು. ಆದರೂ ಮೈ ಬಲಿತ, ಎಂದೂ ಬಸಿರಾಗದ ದನಕ್ಕೆ ಹಗುರವಾದ ಗಾಡಿ ಎಳೆಯುವುದು ಅಪಮಾನವೇನೂ ಅಲ್ಲವೆಂದು ನಮ್ಮ ಎಣಿಕೆ.

ಸಂತೆಯ ವಿಷಯದಲ್ಲಿ ಮಾತ್ರ ನಾವು ಮೃದುವಾಗಿ ಮಾತನಾಡಲಾರೆವು. ದುಂಡಗಿನ ಮೈಯ, ಮಿರುಗುವ ಕೂದಲಿನ, ಒಂದೂವರೆ ವರ್ಷದ ಮಣಕವನ್ನು ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಮಾಡುವಾಗ, ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಬಾಲ ನೋಡುತ್ತಾನೆ. ಹುಟ್ಟುವಾಗ ಅದರ ಪಕ್ಕದಲ್ಲಿ ಯಾರಿದ್ದರೆಂಬುದು ಮೈಮೇಲೆ ಬರೆದಿರುವುದಿಲ್ಲ. ಮಾರುವವನಿಗೆ ಅದು ಗೊತ್ತು. ಗೊತ್ತಿದ್ದೂ ಸುಮ್ಮನಿದ್ದರೆ ತನ್ನ ಮೂರು ವರ್ಷದ ಸಂಕಟವನ್ನು ತನ್ನಂಥ ಮತ್ತೊಬ್ಬ ಬಡವನ ಕೊಟ್ಟಿಗೆಗೆ ಕಟ್ಟಿ ಬಂದಂತಾಯಿತು. ಆದುದರಿಂದ ಹಾಲಿಗಾಗಿ ಎಳೆಯ ಹೆಣ್ಣುಕರುವನ್ನು ಕೊಳ್ಳುವವರು ಹಲ್ಲು ಸುಳಿಗಳಿಗಿಂತ ಮೊದಲು ಕೇಳಬೇಕಾದ ಮಾತು ಇದು: ಒಂಟಿಯಾಗಿ ಹುಟ್ಟಿತೋ, ಜೋಡಿಯಾಗಿಯೋ? ಜೋಡಿಯಾದರೆ ಜೊತೆಯದು ಯಾವುದು? ಹೋರಿಯೆಂದರೆ, ಪಶುವೈದ್ಯರು ನೋಡುವವರೆಗೆ ಹಣದ ಗಂಟನ್ನು ಬಿಚ್ಚಬಾರದು.

ಜೊತೆಯ ಹೋರಿಗರುವಿನ ಮಾತು ಉಳಿಯಿತು. ಎತ್ತನ್ನಾಗಿ ಮಾಡುವುದಾದರೆ ಅದರಲ್ಲಿ ಯಾವ ಕೊರತೆಯೂ ಇಲ್ಲ. ಒಡಹುಟ್ಟಿದವಳ ರಕ್ತ ನೊಗಕ್ಕೆ ಅಡ್ಡಬರುವುದಿಲ್ಲ. ಬೀಜದ ಹೋರಿಯಾಗಿ ಇಟ್ಟುಕೊಳ್ಳುವುದಾದರೆ ಮಾತ್ರ ಎಚ್ಚರಿಕೆ ಬೇಕು. ಅಂಥ ಹೋರಿಗಳಲ್ಲಿ ಕೆಲವಕ್ಕೆ ಬೀಜಶಕ್ತಿ ಕಡಮೆಯಿರುವುದು ಕಂಡುಬಂದಿದೆ.